ದಾರಿ ಬಿಟ್ಟು ಹೂ ನೆಟ್ಟ ಜೂಲಿಯೆಟ್

ಬೆಳಕು ಹರಿಯುವ ಹೊತ್ತು. ಕುಂಬಳೆಯಿಂದ ಒಳಕ್ಕೆ, ಹೊಸ ರೆಸಾರ್ಟೊಂದರ ಬೋಳು ಅಂಗಳದಲ್ಲಿ ಜೂಲಿಯೆಟ್ ಗೋಣಿ ಹಾಸಿ ಕೂತಿದ್ದಾರೆ. ಕೈಯಲ್ಲಿ ಕತ್ತಿಯಿಲ್ಲ, ಗುದ್ದಲಿಯಿಲ್ಲ. ಕಾವಲಿನವನಿಗೆ ಇದು ಸರಿ ಕಾಣುವುದಿಲ್ಲ. ಎಂತ ಬೇಕೆಂದು ಬಂದು ಕೇಳುತ್ತಾನೆ. ಬಿಸಿಲು ಬೇಕು ಎನ್ನುತ್ತಾರೆ ಜೂಲಿಯೆಟ್.

ಕುಂಜತ್ತೂರಿನ ಹೆದ್ದಾರಿ ಬದಿಯ ನರ್ಸರಿಯಲ್ಲಿ ಗೊಬ್ಬರದ ಮೂಟೆ ಹೊತ್ತು ಸೊಂಟ ಹಿಡಿಸಿಕೊಂಡ ಈ ಹೆಂಗಸಿನ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ಆದರೆ ಸುತ್ತಲಿನ ಎಷ್ಟೋ ಮನೆಗಳ ಡಿಸೆಂಬರಿನ ಅಂಗಳ ಚಂದ ಕಾಣುವುದು ಇವರು ಆರಿಸಿದ ಗಿಡಗಳಿಂದ. ಮಳೆಗಾಲದಲ್ಲಿ ಯಾರ ಅಂಗಳವೂ ಹಸಿರೇ. ಚಳಿ ಬಿದ್ದ ಮೇಲೆ ಅರಳಲು ಗೋರಟೆ ಬೇಕು, ಕ್ರಿಸ್ಮಸ್ಸಿಗೆ ಕೆಂಪೇರಲು ಪಾಯಿನ್‌ಸೆಟಿಯಾ, ಎಲೆ ಉದುರಿಸಿಯೂ ಬರಿ ಕೊಂಬೆಯಲ್ಲೇ ಚಂದ ತೋರಲು ದೇವಕಣಗಿಲೆ. ಆಗ ಬಿಸಿಲು ತೆಂಕಕ್ಕೆ ವಾಲುತ್ತದೆ, ಗೋಡೆಯ ನೆರಳು ಉದ್ದವಾಗುತ್ತದೆ. ಹಾಗಾಗಿ ಒಂದು ಬೆಳಗು ಪೂರ್ತಿ ಅಂಗಳದಲ್ಲಿ ಕೂರದೆ ಇವರು ಒಂದು ಗಿಡವನ್ನೂ ಹೇಳುವುದಿಲ್ಲ. ಜೂಲಿಯೆಟ್ ಬಾಯಮ್ಮನಿಗೆ ಸೂರ್ಯನ ಮೇಲೂ ನಂಬಿಕೆ ಇಲ್ಲವೆಂದು ನರ್ಸರಿಯವರು ನಗಾಡುತ್ತಾರೆ.

ಈ ಅಂಗಳದ ಬಗ್ಗೆಯಂತೂ ಸಂಶಯ ಫೋನಿನಲ್ಲೇ ಹುಟ್ಟಿದೆ. ಚಳಿಗಾಲಕ್ಕೆ ಬರುವ ಅತಿಥಿಗಳಿಗಾಗಿ ಬಡಗು ಬದಿಗೆ ಸಾಲಾಗಿ ಕಾಗದದ ಹೂವಿನ ಗಿಡ ಬೇಕು, ಸಂದು ಬಿಡಬಾರದು, ಮುಳ್ಳು ಜೋರಿರುವ ಜಾತಿಯೇ ಆಗಬೇಕು ಎಂದಿದ್ದಾನೆ ಮ್ಯಾನೇಜರ್ ಪ್ರವೀತ್. ಹೂವಿನ ಬಣ್ಣ ಕೇಳುವವರನ್ನು ಜೂಲಿಯೆಟ್ ಬೇಕಾದಷ್ಟು ಕಂಡಿದ್ದಾರೆ. ಮುಳ್ಳು ಕೇಳಿದವನು ಇವನೇ ಮೊದಲು.

ಬಿಸಿಲಿಗಿಂತ ಮೊದಲು ಬಡಗು ಬದಿಯಿಂದ ಬರುವವರು ವಾಸಪ್ಪ, ಎರಡೂ ಕೈಯಲ್ಲಿ ಹಾಲಿನ ಕ್ಯಾನು. ಅಪರಿಚಿತ ಹೆಂಗಸನ್ನು ಕಂಡು ಅವರೂ ಅನುಮಾನದಿಂದ ನಿಲ್ಲುತ್ತಾರೆ.

"ಸರ್ವೆಯವರಾ ಬಾಯಮ್ಮ?"

"ಅಲ್ಲ ಮಾರಾಯ್ರೆ, ಗಿಡದವಳು."

ಅವರ ಹಿಂದೆ ಬೀಡಿ ಕಟ್ಟು ಹೊತ್ತ ಹೆಂಗಸರು, ಯೂನಿಫಾರ್ಮಿನ ಮಕ್ಕಳು. ಹಾಲಿನ ಸೊಸೈಟಿಗೆ, ಬಸ್ಸಿಗೆ, ಶಾಲೆಗೆ ಅಜ್ಜಂದಿರ ಕಾಲದಿಂದ ಇದೇ ದಾರಿ ಎನ್ನುತ್ತಾರೆ ವಾಸಪ್ಪ. ಇದು ಮುಚ್ಚಿದರೆ ಗುಡ್ಡ ಸುತ್ತಬೇಕು, ಅಷ್ಟರಲ್ಲಿ ಹಾಲು ಕೆಡುತ್ತದೆ. ಹೂವಿನ ಸಾಲಿಗೆಂದು ಪ್ರವೀತ್ ಊರಿಸಿದ ಗೂಟಗಳು ಸರಿಯಾಗಿ ಆ ದಾರಿಗೆ ಅಡ್ಡ ನಿಂತಿವೆ.

ಮುಳ್ಳುತಂತಿ ಎಳೆದರೆ ಪಂಚಾಯತಿಗೆ ದೂರು ಹೋದೀತು. ಹೂವಿನ ಮೇಲೆ ದೂರು ಕೊಡುವವರು ಯಾರು? ಬೇಲಿ ಅರಳಿತೆಂದರೆ ನಮ್ಮಲ್ಲಿ ಅದನ್ನು ತೋಟ ಎನ್ನುತ್ತಾರೆ. ಫೋಟೋ ಹಿಡಿಯುತ್ತಾರೆ. ಆಚೆ ನಿಂತವರು ಫೋಟೋದಲ್ಲಿ ಬರುವುದಿಲ್ಲ.

ಹೊತ್ತೇರಿದ ಮೇಲೆ ಬಂದ ಪ್ರವೀತ್‌ಗೆ, ಆ ಗೆರೆಯಲ್ಲಿ ತಾನು ನೆಡುವುದಿಲ್ಲ ಎಂದು ಜೂಲಿಯೆಟ್ ಎದ್ದು ನಿಂತೇ ಹೇಳುತ್ತಾರೆ.

"ಆಂಟಿ, ನಿಮಗೆ ಗಿಡದ ಕೆಲಸ. ದಾರಿಯ ಉಸಾಬರಿ ಎಂತಕ್ಕೆ?"

"ಗುಂಡಿ ತೆಗೆಯುವುದು ನಾನಲ್ವಾ ಮಗಾ?"

ನೀವಲ್ಲದಿದ್ದರೆ ಮಂಗಳೂರಿನಿಂದ ಜನ ತರಿಸುತ್ತೇನೆ ಎಂದು ಅವನು ನಗುತ್ತಾನೆ. ಜೂಲಿಯೆಟ್ ವಾದಕ್ಕೆ ನಿಲ್ಲುವುದಿಲ್ಲ. ಸೊಸೈಟಿಯವರೆಗೆ ನಡೆದುಹೋಗಿ, ಆ ಗೂಟಗಳು ಎಂತಕ್ಕೆಂದು ಹಾಲಿನವರಿಗೆಲ್ಲ ತಿಳಿಸಿ ಬಸ್ಸು ಹತ್ತುತ್ತಾರೆ.

ಮರುದಿನ ಬೆಳಿಗ್ಗೆ ಇಡೀ ಊರು ಆ ದಾರಿಯಲ್ಲಿ ನಡೆಯುತ್ತದೆ. ಕೆಲಸ ಇದ್ದವರು, ಇಲ್ಲದವರು, ವಾಸಪ್ಪನವರ ದನ ಕೂಡ. ಅತಿಥಿಗಳು ಬರುವ ಹೊತ್ತಿಗೆ ರಂಪ ಬೇಡವೆಂದು ಪ್ರವೀತ್ ಗೂಟಗಳನ್ನು ಒಳಕ್ಕೆ ಸರಿಸುತ್ತಾನೆ. ವಾರ ಕಳೆಯುವಷ್ಟರಲ್ಲಿ ದಾರಿಯ ಎರಡೂ ಬದಿಗೆ ಗೋರಟೆ. ಎದುರುಬದುರು ಬಂದ ಇಬ್ಬರು ಕ್ಯಾನು ತಾಗದೆ ದಾಟುವಷ್ಟು ಜಾಗ ಬಿಟ್ಟು ಜೂಲಿಯೆಟ್ ತಾನೇ ನೆಟ್ಟದ್ದು.

ಹೂ ಬಿಟ್ಟಾಗ ಊರು ನಿಮ್ಮ ಹೆಸರು ಹೇಳುತ್ತದೆ ಎನ್ನುತ್ತಾರೆ ವಾಸಪ್ಪ. ಜೂಲಿಯೆಟ್ ಕಣ್ಣು ಮಾತ್ರ ರೆಸಾರ್ಟಿನ ಶೆಡ್ಡಿನ ಹಿಂದಕ್ಕೆ ಹೋಗುತ್ತದೆ. ಮಂಗಳೂರಿನಿಂದ ಯಾರೋ ತಂದಿಳಿಸಿದ ಕಾಗದದ ಹೂವಿನ ಚಟ್ಟಿಗಳು ಅಲ್ಲಿ ಇನ್ನೂ ಸಾಲಾಗಿ ಕೂತಿವೆ.

"ಹೆಸರು ಬೇಡ. ಅವು ಅಲ್ಲಿಂದ ಹೋಗುವವರೆಗೆ ನಾನು ದಿನಾ ಬರ್ತೇನೆ, ಗೋರಟೆಗೆ ನೀರು ಹಾಕುವ ನೆಪ ಹೇಳಿ."