ಅಕ್ಕ ಆಡದ ಪಂದ್ಯ

ನಾನು ಚಿಕ್ಕವಳಿದ್ದಾಗ ಸೂಲಿಬೆಲೆಯ ನಮ್ಮ ಹೈಸ್ಕೂಲಿನ ಹಾಕಿ ತಂಡಕ್ಕೆ ಅಕ್ಕನೇ ಜೀವಾಳ. ಅವಳು ಮುಂದೆ ಬಲಗಡೆ ಆಡುತ್ತಿದ್ದಳು, ನಾನು ಮೈದಾನದ ನಡುವೆ. ಚೆಂಡು ಸಿಕ್ಕಿದೊಡನೆ ತಲೆಯೆತ್ತಿಯೂ ನೋಡದೆ ಅವಳ ಕಡೆಗೆ ತಳ್ಳುವುದಷ್ಟೇ ನನ್ನ ಕೆಲಸ. ಉಳಿದದ್ದನ್ನು ಅವಳು ನೋಡಿಕೊಳ್ಳುತ್ತಿದ್ದಳು. ಅವಳು ಓಡಿದರೆ ಎರಡು ಜಡೆ ಬೆನ್ನಿಗೆ ಬಡಿಯುತ್ತಿದ್ದವು, ಹಿಂದೆ ಕೆಮ್ಮಣ್ಣಿನ ಧೂಳು ಏಳುತ್ತಿತ್ತು.

ಹೊಸಕೋಟೆಯಲ್ಲಿ ತಾಲ್ಲೂಕು ಶಾಲೆಗಳ ಫೈನಲ್ ಪಂದ್ಯ. ಆ ದಿನ ಬೆಳಿಗ್ಗೆ ಅಕ್ಕ ಹಾಕಿ ಕೋಲು ಹಿಡಿದು ಹೊರಟಿದ್ದಳು. ಡೈರಿಗೆ ಹಾಲು ಹಾಕಿ ಬಂದ ಅಪ್ಪ ಬಾಗಿಲಲ್ಲೇ ಅಡ್ಡ ನಿಂತರು.

"ದೊಡ್ಡೋಳಾಗಿದ್ದೀಯ. ಚೆಡ್ಡಿ ಹಾಕ್ಕೊಂಡು ಊರ್ ಮುಂದೆ ಓಡಿದ್ದು ಸಾಕು. ಡೈರಿ ಹತ್ರ ಜನ ಏನೇನ್ ಮಾತಾಡ್ತಾರೆ ಗೊತ್ತಾ?"

"ಇವತ್ತೊಂದಿನ, ಅಪ್ಪಾ."

ಅಪ್ಪ ಅವಳ ಕೈಯಿಂದ ಕೋಲು ಕಿತ್ತು ಅಟ್ಟದ ಮೇಲೆ ಎಸೆದರು. ನನ್ನ ಕಡೆ ತಿರುಗಿ, "ನೀನಿನ್ನೂ ಚಿಕ್ಕೋಳು, ಹೋಗು" ಎಂದರು. ಕಿವಿಯೆಲ್ಲ ಬಿಸಿಯಾಗಿ, ನನ್ನ ಕೋಲು ಎತ್ತಿಕೊಂಡು ತಂಡದ ಬಸ್ಸು ಹತ್ತಿದೆ. ವಿಷಯ ತಿಳಿದು ಹುಡುಗಿಯರೆಲ್ಲ ಹಲ್ಲು ಕಡಿದರು. ಡ್ರಿಲ್ ಮೇಷ್ಟ್ರು ಕಿಟಕಿಯಾಚೆ ನೋಡುತ್ತ ಕೂತರು.

ಮೊದಲರ್ಧ ನಾವು ಆಡಿದ್ದು ಆಟವೇ ಅಲ್ಲ. ಚೆಂಡು ಬಂದಾಗಲೆಲ್ಲ ನನ್ನ ಕೈ ತಾನಾಗಿ ಬಲಗಡೆಗೆ ತಳ್ಳುತ್ತಿತ್ತು. ಅಲ್ಲಿ ಯಾರಿದ್ದಾರೆ? ಚೆಂಡು ಗೆರೆ ದಾಟಿ ನೀಲಗಿರಿ ಮರಗಳ ಬುಡಕ್ಕೆ ಹೋಗುತ್ತಿತ್ತು. ಎದುರಿನವರು ನಗುನಗುತ್ತಲೇ ಒಂದು ಗೋಲು ಹೊಡೆದರು. ವಿರಾಮದಲ್ಲಿ ನಮ್ಮ ಗೋಲು ಕಾಯುವ ಹುಡುಗಿ ಚೀಪುತ್ತಿದ್ದ ನಿಂಬೆಹೋಳನ್ನು ಉಗುಳಿ ನನ್ನ ಮೇಲೆ ಹರಿಹಾಯ್ದಳು.

"ಅವಳಿಲ್ಲ ಕಣೇ! ಯಾರಿಗ್ ಕೊಡ್ತಿದ್ದೀಯ ಚೆಂಡನ್ನ? ಗಾಳಿಗಾ?"

ಆಗ ಮೇಷ್ಟ್ರು ಬಾಯಿ ಬಿಟ್ಟರು. "ಅಷ್ಟು ದೂರ ಹೊಡೀಬೇಡಿ. ಹತ್ರ ಇರೋರಿಗೆ ಕೊಡಿ, ಕೊಟ್ಟು ನೀವೂ ಓಡಿ. ಎಲ್ರೂ ಓಡಿ."

ಓಡಿದೆವು. ಯಾರಿಗೂ ಅಕ್ಕನಷ್ಟು ವೇಗವಿರಲಿಲ್ಲ. ಆದರೆ ಎಲ್ಲರ ಒಳಗೂ ಸಿಟ್ಟು ಉರಿಯುತ್ತಿತ್ತು. ಇವಳಿಂದ ಅವಳಿಗೆ, ಅವಳಿಂದ ನನಗೆ, ಗಿಡ್ಡ ಗಿಡ್ಡ ಹೊಡೆತಗಳಲ್ಲಿ ಚೆಂಡು ಮುಂದೆ ಸಾಗಿತು. ನನ್ನ ಮೊಣಕಾಲು ತರಚಿ ರಕ್ತ ಸುರಿಯುತ್ತಿತ್ತು. ಎರಡು ಗೋಲು ಹೊಡೆದು ಗೆದ್ದುಬಿಟ್ಟೆವು!

ಸಂಜೆ ಕೂಗುತ್ತ ಮನೆಗೆ ಓಡಿದೆ. ಅಕ್ಕ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಸುದ್ದಿ ಕೇಳಿ ಅಪ್ಪ ನಕ್ಕರು.

"ನೋಡ್ದ್ಯಾ? ಇವಳಿಲ್ದಿದ್ರೂ ಗೆದ್ರಲ್ಲ."

ಅಕ್ಕನ ಕೈ ನಿಂತಿತು. ನನಗೆ ಮೈಯೆಲ್ಲ ಉರಿದುಹೋಯಿತು. ನಾವು ಅಷ್ಟು ಒದ್ದಾಡಿ ಪಡೆದ ಗೆಲುವನ್ನು ಅಪ್ಪ ಅವಳ ವಿರುದ್ಧವೇ ತಿರುಗಿಸಿಬಿಟ್ಟಿದ್ದರು!

"ನಾವ್ ಗೆದ್ವಿ ಅಂದ್ರೆ ಅವಳು ಬೇಡ ಅಂತಲ್ಲ! ನೀನು ಮಾಡಿದ್ದು ತಪ್ಪು!" ಎಂದು ಕಿರುಚಿದೆ.

ಅಪ್ಪನಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಕೈಯೆತ್ತಿದರು. ಅಕ್ಕ ಎದ್ದು ಬಂದು ನಡುವೆ ನಿಂತಳು. ಅಳಲಿಲ್ಲ. "ಹೊಡೀಬೇಡಪ್ಪ. ನನ್ನ ನಿಲ್ಲಿಸ್ದಂಗೆ ಇವಳನ್ನೂ ನಿಲ್ಲಿಸ್ಬೇಡ" ಎಂದಳು.

ಅಪ್ಪ ಕೈ ಇಳಿಸಿ ಕೊಟ್ಟಿಗೆಗೆ ಹೋದರು. ಆಮೇಲೆ ಎಂದೂ ನನ್ನನ್ನು ತಡೆಯಲಿಲ್ಲ, ಶಾಲೆ ಮುಗಿಯುವವರೆಗೂ ಆಡಿದೆ. ಅಕ್ಕ ಮತ್ತೆ ಆಡಲೇ ಇಲ್ಲ.

ಮೊಮ್ಮಕ್ಕಳೇ, ಈಗ ನೀವು ಹಸಿರು ಹಾಸಿನ ಮೈದಾನದಲ್ಲಿ ಆಡುತ್ತೀರಿ. ಬಿದ್ದರೂ ಮಣ್ಣಾಗುವುದಿಲ್ಲ. ನಿಮ್ಮಮ್ಮ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ, ಮುಗಿಯುವ ತನಕ ಕಾದು ಕರೆತರುತ್ತಾಳೆ. ನೋಡಿದರೆ ಸಂತೋಷವಾಗುತ್ತದೆ. ಕೋಪ ಒಳ್ಳೆಯದಲ್ಲ ಎಂದು ನಿಮ್ಮ ಶಾಲೆಯಲ್ಲಿ ಕಲಿಸುತ್ತಾರಂತೆ. ಇರಬಹುದು. ಆದರೆ ಆ ದಿನದ ಕೋಪವನ್ನು ನಾನು ಇನ್ನೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಹೆಣ್ಣುಮಕ್ಕಳು ಎಂಬ ಕಾರಣಕ್ಕೆ ಯಾರಾದರೂ ನಿಮ್ಮನ್ನು ಆಟದಿಂದ ಎಬ್ಬಿಸಿದರೆ ನನ್ನನ್ನು ಕರೆಯಿರಿ. ಮಂಡಿನೋವಿದ್ದರೂ ಬರುತ್ತೇನೆ.