ಗೋಡೆಯಾಚೆಯ ಸ್ಟೂಲು

ದೊಡ್ಡಮ್ಮನ ಕಾಲು ಸೋತು ಎಷ್ಟೋ ವರ್ಷವಾಗಿತ್ತು. ಆ ಸುದ್ದಿಯನ್ನು ಕಾಲಿಗೆ ಮಾತ್ರ ಯಾರೂ ಮುಟ್ಟಿಸಿರಲಿಲ್ಲ, ಹಾಗಾಗಿ ಅದು ನಿಂತೇ ಇತ್ತು.

ಮಾವಿನಹಣ್ಣನ್ನು ಹಡಗು ಹತ್ತಿಸುವ ಮೊದಲು ಬಿಸಿನೀರಲ್ಲಿ ಮುಳುಗಿಸಿಡುವ ಶೆಡ್ಡು ಅದು. ಸಿಪ್ಪೆಯೊಳಗೆ ನೊಣ ಮೊಟ್ಟೆಯಿಟ್ಟಿದ್ದರೆ ಮೊಟ್ಟೆ ಬೇಯಬೇಕು, ಹಣ್ಣು ಬೇಯಬಾರದು, ಇಷ್ಟೇ ವಿದ್ಯೆ. ತೊಟ್ಟಿಯ ಪಕ್ಕದ ಸೆಖೆ ಎಂಥದ್ದೆಂದರೆ, ಅಲ್ಲಿ ಬಾಯ್ತೆರೆದು ಆಕಳಿಸಿದವರ ನಾಲಿಗೆ ಅರೆಬೆಂದು ಬರುತ್ತಿತ್ತು. ಬಾಗಿಲ ಬಳಿ ಓಡಾಡುತ್ತಿದ್ದ ಕೋಳಿಯೊಂದು ಬೇಯಿಸಿದ ಮೊಟ್ಟೆಯನ್ನೇ ಇಡುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನಷ್ಟ ಕೋಳಿಗೆ.

ಆ ತೊಟ್ಟಿಗೆ ಹಣ್ಣು ಆರಿಸಿ ಹಾಕುವವಳು ದೊಡ್ಡಮ್ಮ. ಅವಳಿಗಿಂತ ಹಿರಿಯರೂ ಅವಳನ್ನು ಹಾಗೇ ಕರೆಯುತ್ತಿದ್ದರು. ತೊಟ್ಟು ಮುರಿದ ಹಣ್ಣಿನಿಂದ ಸೊನೆ ಸುರಿದು ಪಕ್ಕದ ಹಣ್ಣುಗಳ ಮೈ ಸುಟ್ಟು ಕಪ್ಪಾಗುತ್ತದೆ. ಅಂಥದ್ದು ಕಂಡರೆ ಅವಳು ಏಪ್ರನ್ನಿನ ಜೇಬಿಗೆ ತುರುಕಿಕೊಂಡು, ಪುರುಸೊತ್ತಾದಾಗ ಸೊನೆ ಇಳಿದುಹೋಗಲೆಂದು ತೊಟ್ಟು ಕೆಳಗೆ ಮಾಡಿ ಜಾಲರಿಯ ಮೇಲೆ ಸಾಲಾಗಿ ಇಡುತ್ತಿದ್ದಳು. ಪುರುಸೊತ್ತು ಎಂಬುದು ಆ ಶೆಡ್ಡಿಗೆ ಬರುವ ವಿಳಾಸವನ್ನೇ ಮರೆತಿತ್ತು, ಆ ಮಾತು ಬೇರೆ.

ಶೆಡ್ಡಿನ ನಡುವೆ ಒಂದು ಗೋಡೆ. ಈಚೆ ಹಸಿ ಹಣ್ಣು, ಆಚೆ ಬಿಸಿನೀರು ಕಂಡ ಹಣ್ಣು. ಆಚೆ ಫ್ಯಾನಿತ್ತು, ತಂಪಿತ್ತು, ಹಣ್ಣಿಗೆ ಬಲೆ ತೊಡಿಸಿ ಡಬ್ಬಕ್ಕೆ ತುಂಬುವವರು ಕೂರಲು ಸ್ಟೂಲುಗಳಿದ್ದವು. ಈಚೆಯ ಒಂದೇ ಒಂದು ಹಸಿ ಹಣ್ಣು ಆಚೆ ಹೋದರೂ ಅಲ್ಲಿನ ಡಬ್ಬಗಳೆಲ್ಲ ಹಡಗಿನ ಮುಖ ನೋಡದೆ ಊರ ಬಜಾರಿಗೆ ಹೋಗಬೇಕು ಎಂಬುದು ಕಾನೂನು. ದೊಡ್ಡಮ್ಮನಿಗೆ ಬೇಕಾಗಿದ್ದದ್ದು ಹಡಗಲ್ಲ, ಸ್ಟೂಲು. ನಿಲ್ಲುವುದು ಬಿಡು, ಇಲ್ಲವಾದರೆ ಮಂಡಿಯ ಆಸೆ ಬಿಡು ಎಂದಿದ್ದರು ಡಾಕ್ಟರು. ಅವಳು ಪ್ರತಿ ಸುಗ್ಗಿಗೂ ಕೇಳುತ್ತಿದ್ದಳು. ಮೇಸ್ತ್ರಿ ಪ್ರತಿ ಸುಗ್ಗಿಗೂ ಮುಂದಿನ ಸುಗ್ಗಿಯನ್ನು ತೋರಿಸುತ್ತಿದ್ದ.

ಹೊರಗೆ ಲಾರಿ ಕಾಯುತ್ತಿದ್ದ ಒಂದು ಬೆಳಿಗ್ಗೆ ಆಚೆಯವಳೊಬ್ಬಳು ಜ್ವರ ಬಂದು ಮಲಗಿದಳು. ಮೇಸ್ತ್ರಿ ಓಡಿ ಬಂದ.

"ದೊಡ್ಡಮ್ಮಾ, ಕೈ ತೊಳ್ಕೊಂಡು ಆ ಕಡೆ ಹೋಗು. ಸರಿಯಾಗಿ ಮಾಡಿದ್ರೆ ಆ ಜಾಗ ನಿಂದೇ."

ಅವಳು ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ಗೋಡೆ ದಾಟುವವರು ಏಪ್ರನ್ನನ್ನೂ ಬದಲಿಸಬೇಕಿತ್ತು. ಅವನಿಗೆ ಅವಸರ, ಅವಳಿಗೆ ಸಂತೋಷ, ಇಬ್ಬರೂ ಮರೆತರು.

ಅವಳು ಕೂತಳು. ಕೂತ ರಭಸಕ್ಕೆ ಅವಳ ಮಂಡಿಗಳು ಬಿಟ್ಟ ನಿಟ್ಟುಸಿರಿಗೆ ಫ್ಯಾನು ಒಂದು ಸುತ್ತು ಹಿಂದಕ್ಕೆ ತಿರುಗಿತಂತೆ. ಮಧ್ಯಾಹ್ನದ ಹೊತ್ತಿಗೆ ಡಬ್ಬಗಳು ಎದೆಯೆತ್ತರ ಬೆಳೆದಿದ್ದವು. ಆಗ ತೊಡೆಗೆ ಏನೋ ಒತ್ತಿತು. ಜೇಬಿಗೆ ಕೈ ಹಾಕಿದರೆ ಅಂಟಂಟು ಸೊನೆ, ಬೆಳಿಗ್ಗೆ ಎತ್ತಿಟ್ಟುಕೊಂಡಿದ್ದ ಹಸಿ ಹಣ್ಣು.

ಪಕ್ಕದ ಸ್ಟೂಲಿನಲ್ಲಿದ್ದವಳು ಅವಳ ನಾದಿನಿ. ಕಂಡವಳೇ ತಲೆ ತಗ್ಗಿಸಿ ಪಿಸುಗುಟ್ಟಿದಳು.

"ಅತ್ತಿಗೆ, ಬಚ್ಚಲಿಗೆ ಹೋಗಿ ತಿಂದ್ಬಿಡು. ಓಟೆ ಸಮೇತ ನುಂಗು."

ದೊಡ್ಡಮ್ಮ ಜೇಬಿನೊಳಗೇ ಹಣ್ಣನ್ನು ಹೊರಳಿಸಿದಳು. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ಗುರುತೊಂದು ಬೆರಳಿಗೆ ಸಿಕ್ಕಿತು, ನೊಣ ಮೊಟ್ಟೆಯಿಡುವುದು ಹಾಗೆ ಚುಚ್ಚಿಯೇ. ಹಣ್ಣನ್ನು ನುಂಗಬಹುದು, ಅದರೊಳಗಿಂದ ಆಗಲೇ ಹುಳ ಇಳಿದು ಯಾವುದಾದರೂ ಡಬ್ಬ ಸೇರಿದ್ದರೆ ಅದನ್ನು ಎಲ್ಲಿ ಹುಡುಕಿ ನುಂಗುವುದು? ಕಡಲಾಚೆ ಒಂದು ಹುಳ ಕಂಡದ್ದಕ್ಕೆ ಹಿಂದಿನ ಬೀದಿಯ ಶೆಡ್ಡಿಗೆ ಬೀಗ ಬಿದ್ದಿತ್ತು. ಅಲ್ಲಿಯವರು ಈಗಲೂ ಕೆಲಸ ಕೇಳಿಕೊಂಡು ಬರುತ್ತಿದ್ದರು. ಅವಳು ಕೈಯಲ್ಲಿದ್ದ ಡಬ್ಬವನ್ನು ಮುಗಿಸಿದಳು. ಅದನ್ನು ಮುಗಿಸಲು ಬಹಳ ಹೊತ್ತು ತೆಗೆದುಕೊಂಡಳು. ಆಮೇಲೆ ಮೇಜು ಹಿಡಿದುಕೊಂಡು ಎದ್ದು, ಮೇಸ್ತ್ರಿಯ ಮುಂದೆ ಹಣ್ಣು ಹಿಡಿದಳು.

ಮೇಸ್ತ್ರಿ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಯಾರಾದ್ರೂ ನೋಡಿದ್ರಾ?"

"ನಾನು ನೋಡಿದ್ನಲ್ಲ."

ಡಬ್ಬಗಳೆಲ್ಲ ಬಜಾರಿನ ಗಾಡಿ ಹತ್ತಿದವು. ಹೆಂಗಸರು ಕೋಣೆಯನ್ನು ಮೂಲೆ ಮೂಲೆ ಉಜ್ಜಿ ತೊಳೆದರು. ಬೈಯಲೂ ಯಾರಿಗೂ ತ್ರಾಣವಿರಲಿಲ್ಲ. ಕೂರೋ ಮುಂಚೆ ಒಂದ್ಸಲ ಜೇಬು ಮುಟ್ಟಿ ನೋಡ್ಬಾರ್ದಿತ್ತಾ ಎಂದಳು ಒಬ್ಬಳು, ಅಷ್ಟೇ. ಮೇಸ್ತ್ರಿ ದೊಡ್ಡಮ್ಮನನ್ನು ಕೆಲಸದಿಂದ ತೆಗೆಯಲಿಲ್ಲ. ತೊಟ್ಟಿಯ ಪಕ್ಕ ನಿಲ್ಲಲು ಬೇರೆ ಯಾರೂ ಒಪ್ಪುತ್ತಿರಲಿಲ್ಲ. ಗೋಡೆಯಾಚೆ ಮಾತ್ರ ಇನ್ನು ಕಾಲಿಡಕೂಡದೆಂದ. ಅವಳು ಈಚೆ ಬಂದು ಸಂಜೆವರೆಗೆ ನಿಂತಳು.

ನಾದಿನಿ ಮುಖ ಊದಿಸಿಕೊಂಡು ಮುಂದೆ ಮುಂದೆ ನಡೆದು ಅಣ್ಣನಿಗೆ ಎಲ್ಲ ಹೇಳಿಬಿಟ್ಟಿದ್ದಳು. ಅಣ್ಣನೆಂದರೆ ದೊಡ್ಡಮ್ಮನ ಗಂಡ, ಬಸ್ ಡಿಪೋದಲ್ಲಿ ರಾತ್ರಿ ಕಾವಲಿನವನು. ಇವಳು ಮನೆ ಸೇರುವಾಗ ಅವನು ಹೊರಡುತ್ತಿದ್ದ. ಮೆಟ್ಟಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುವುದೇ ಅವರ ಸಂಸಾರವಾಗಿತ್ತು. ಅವತ್ತು ಅವನು ಟಾರ್ಚನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತ.

"ಕೂತಿದ್ಯಂತೆ?"

"ಹೂಂ."

"ಹೇಗಿತ್ತು?"

"ಚೆನ್ನಾಗಿತ್ತು. ಏಳೋದೇ ಕಷ್ಟ ಆಯ್ತು."

ಅವನು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ. ಅವಳು ಕಂಬಿ ಹಿಡಿದು ಹತ್ತತೊಡಗಿದಳು.