ನಲವತ್ತಕ್ಕೆ ಕಟ್ಟಿದ ವೇಗ

ಚಳ್ಳಕೆರೆಯ ಮೆಕ್ಯಾನಿಕ್ ನನ್ನ ಲ್ಯಾಪ್‌ಟಾಪಿನ ಪ್ರೊಸೆಸರ್ ಕದ್ದ ಅಂತ ಹೇಳಿದವಳು ನಾನೇ. ಬೇರೆ ಯಾರೋ ಹೇಳಿಕೊಟ್ಟಿದ್ದಲ್ಲ. ಕಣ್ಣಾರೆ ಕಂಡಿದ್ದೇನೆ ಅಂತಲೂ ನಂಬಿದ್ದೆ. ಕೀಬೋರ್ಡ್ ರಿಪೇರಿಗೆ ಕೊಟ್ಟ ದಿನ ಅವರು ಹಿಂದಿನ ಮುಚ್ಚಳ ಬಿಚ್ಚಿ, ಏನನ್ನೋ ತೆಗೆದು ಮೇಜಿನ ಖಾನೆಯೊಳಗೆ ಹಾಕಿದರು. ಆ ಚಿತ್ರ ಈಗಲೂ ಕಣ್ಣ ಮುಂದಿದೆ. ಅದು ನಡೆದೇ ಇರಲಿಲ್ಲ ಎಂದು ಗೊತ್ತಾದ ಮೇಲೂ ಮಸುಕಾಗಿಲ್ಲ.

ಮೊಳಕಾಲ್ಮೂರಿನ ನೇಕಾರರಿಗೆ ಸೀರೆಯ ಅಂಚು, ಸೆರಗಿನ ಡಿಸೈನುಗಳನ್ನು ನಾನು ಕಂಪ್ಯೂಟರಿನಲ್ಲಿ ಬರೆದುಕೊಡುತ್ತೇನೆ. ಲ್ಯಾಪ್‌ಟಾಪ್ ರಿಪೇರಿಯಾಗಿ ಬಂದ ಮೇಲೆ ದೊಡ್ಡದೊಂದು ಸೆರಗಿನ ಕೆಲಸ ಸಿಕ್ಕಿತು. ಒಂದು ನವಿಲನ್ನು ಪಕ್ಕಕ್ಕೆ ಸರಿಸಿದರೆ, ಅದು ಸರಿಯುವಷ್ಟರಲ್ಲಿ ಅವ್ವ ಟೀ ಕಾಸಿ ತರುತ್ತಿದ್ದಳು. ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡುತ್ತಿದೆ ಎಂದು ನೋಡಿದೆ: 0.78 ಗಿಗಾಹರ್ಟ್ಸ್. ಕೊಂಡಾಗ ಡಬ್ಬಿಯ ಮೇಲೆ 1.80 ಅಂತಿತ್ತು. ಎಂ.ಎ. ಓದಿದ ನನಗೆ ಇಷ್ಟು ಸಾಕ್ಷಿ ಸಾಕಾಯಿತು. ಚಳ್ಳಕೆರೆಯಲ್ಲಿ ಶೇಂಗಾ ಮಂಡಿ ಇಟ್ಟಿರುವ ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಆ ಜನದ ಅಂಗಡಿಗೆ ಹೋಗಬೇಡ ಅಂದಿರಲಿಲ್ಲವಾ ಅಂದ. ಆ ಮಾತನ್ನು ನಾನು ಆಗ ತಡೆಯಲಿಲ್ಲ.

ಜಗಳಕ್ಕೆಂದೇ ಬಸ್ ಹತ್ತಿ ಹೋದೆ. ಮೆಕ್ಯಾನಿಕ್ ಫೋನಿನಲ್ಲಿ ಮಗಳ ಜೊತೆ ಉರ್ದುವಿನಲ್ಲಿ ಮಾತಾಡುತ್ತಿದ್ದವರು ನನ್ನನ್ನು ಕಂಡು ನಿಲ್ಲಿಸಿದರು. ಅಣ್ಣನ ಮಂಡಿಯಿಂದ ಸುದ್ದಿ ಅವರಿಗೆ ಮುಂಚೆಯೇ ತಲುಪಿತ್ತು. ವಾದ ಮಾಡಲಿಲ್ಲ. ನನ್ನೆದುರೇ ಮುಚ್ಚಳ ಬಿಚ್ಚಿ ತೋರಿಸಿದರು. ಈ ತರದ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಅದನ್ನು ಕೀಳುವ ಯಂತ್ರವೇ ಅವರ ಅಂಗಡಿಯಲ್ಲಿ ಇರಲಿಲ್ಲ. ಆಮೇಲೆ ಪವರ್ ಸೆಟ್ಟಿಂಗ್ ತೆರೆದರು. ಪ್ರೊಸೆಸರ್ ಹೆಚ್ಚೆಂದರೆ ಎಷ್ಟು ಓಡಬಹುದು ಅನ್ನುವ ಜಾಗದಲ್ಲಿ ಶೇಕಡಾ ನಲವತ್ತು ಅಂತಿತ್ತು. ನೂರು ಮಾಡಿದರು. ನನ್ನ ಸೆರಗು ತೆರೆದರೆ ಫ್ಯಾನು ಗುಯ್ ಅಂದಿತು, ಅಂಕಿ 1.80 ದಾಟಿ ಮೂರರ ಹತ್ತಿರ ಹೋಯಿತು. ಡಬ್ಬಿಯ ಮೇಲೆ ಬರೆದಿರುವುದು ಬುಡದ ಅಂಕಿ. ಕೆಲಸ ಬಿದ್ದಾಗ ವೇಗ ಅದಕ್ಕಿಂತ ಮೇಲೇರುತ್ತದೆ, ಸುಮ್ಮನಿದ್ದಾಗ ಇಳಿಯುತ್ತದೆ. ಇಳಿದ ಮಾತ್ರಕ್ಕೆ ಕೆಟ್ಟಿತು ಅಂತಲ್ಲ.

“ನಲವತ್ತಕ್ಕೆ ಕಟ್ಟಿದ್ದು ಯಾರಕ್ಕಾ?” ಅಂದರು.

ನಾನಂತೂ ಅಲ್ಲ ಎಂದು ಖಡಾಖಂಡಿತವಾಗಿ ಹೇಳಿ ಬಂದೆ.

ನೆನಪಿಗಿಂತ ಡೈರಿಯನ್ನೇ ನಂಬಬೇಕು ಅನ್ನುವುದು ನಾನೇ ಮಾಡಿಕೊಂಡ ನಿಯಮ. ಮನೆಗೆ ಬಂದು ಪುಟ ತಿರುವಿದೆ. ರಿಪೇರಿಗೂ ಎರಡು ತಿಂಗಳ ಹಿಂದೆ, ಬಿರುಬೇಸಿಗೆಯ ಒಂದು ಮಧ್ಯಾಹ್ನ, ನನ್ನದೇ ಅಕ್ಷರ: “ಲ್ಯಾಪ್‌ಟಾಪ್ ಸುಡುತ್ತಿದೆ. ಫೋನಿನಲ್ಲಿ ನೋಡಿಕೊಂಡು ನಲವತ್ತು ಮಾಡಿದೆ. ಫ್ಯಾನಿನ ಸದ್ದು ನಿಂತು ಅವ್ವನಿಗೆ ನಿದ್ದೆ ಬಂತು.” ಆ ಎರಡು ತಿಂಗಳು ಬರೀ ಪತ್ರ ಟೈಪ್ ಮಾಡಿದ್ದರಿಂದ ನಿಧಾನ ಗೊತ್ತಾಗಿರಲಿಲ್ಲ. ಇದನ್ನು ಮಾಡಿದ್ದೂ ನೆನಪಿಲ್ಲ, ಬರೆದದ್ದೂ ನೆನಪಿಲ್ಲ. ಮೇಜಿನ ಖಾನೆ ಮಾತ್ರ ನೆನಪಿದೆ. ಅದನ್ನು ನನ್ನ ತಲೆಯಲ್ಲಿ ಇಟ್ಟವರು ಯಾರು? ಅಣ್ಣ ಅಂತ ಬರೆದು ತಪ್ಪಿಸಿಕೊಳ್ಳಬಹುದು. ಬರೆಯುವುದಿಲ್ಲ.

ಮರುದಿನ ಮತ್ತೆ ಹೋಗಿ, ಕಟ್ಟಿದವಳು ನಾನೇ, ತಪ್ಪಾಯಿತು ಅಂದೆ.

“ನಂಗ್ಯಾಕೆ ಹೇಳ್ತೀರಿ? ಕದ್ದಿಲ್ಲ ಅಂತ ನಂಗೆ ಗೊತ್ತೇ ಐತಲ್ಲ,” ಅಂದರು ಮೆಕ್ಯಾನಿಕ್. “ಗೊತ್ತಿಲ್ಲದವ್ರಿಗೆ ಹೇಳ್ರಿ.”

ಆ ವಾರ ಇಬ್ಬರು ಗಿರಾಕಿಗಳು ರಿಪೇರಿಗೆ ಕೊಟ್ಟಿದ್ದನ್ನು ಹಾಗೇ ವಾಪಸ್ ತಗೊಂಡು ಹೋಗಿದ್ದರು.

ಅಲ್ಲಿಂದ ನೇರ ಮಂಡಿಗೆ ನಡೆದೆ. ಅಣ್ಣನ ಜೊತೆ ಮೂವರು ವ್ಯಾಪಾರಿಗಳು ಕೂತಿದ್ದರು. ಅವರೆದುರೇ ಎಲ್ಲ ಹೇಳಿದೆ. ಅಣ್ಣ ನಂಬಲಿಲ್ಲ. ಇಷ್ಟು ಓದಿದವಳು ಹಾಗೆ ಮಾಡಿ ಮರೆಯುತ್ತಾಳಾ, ಅವನೇ ನಿನ್ನ ತಲೆ ಕೆಡಿಸಿದ್ದಾನೆ ಅಂದ. ಶೇಂಗಾ ಮೂಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ನಲವತ್ತು ಮಾಡಿ ತೋರಿಸಿದೆ, ನೂರು ಮಾಡಿ ತೋರಿಸಿದೆ. ವಯಸ್ಸಾದ ವ್ಯಾಪಾರಿಯೊಬ್ಬರು ಬಗ್ಗಿ ನೋಡಿ, ಅಣ್ಣನಿಗೆ, “ನಿನ್ನ ಗುಮಾಸ್ತನ್ನೂ ಯಾರೋ ನಲವತ್ತಕ್ಕೇ ಇಟ್ಟವ್ರೆ, ನೋಡ್ಲೇ,” ಅಂದರು. ಉಳಿದವರು ನಕ್ಕರು.

ಅಣ್ಣ ನಗಲಿಲ್ಲ. “ಆಯ್ತು ಬಿಡಮ್ಮ. ಮನೇಲಿ ಮಾತಾಡೋಣ.”

“ಮನೇಲಿ ಯಾಕಣ್ಣ? ನೀನು ಹೇಳಿದ್ದು ಇಲ್ಲಿ ತಾನೆ. ಯಾರ್ಯಾರಿಗೆ ಹೇಳಿದ್ಯೋ ಅವ್ರಿಗೆಲ್ಲ ಫೋನ್ ಮಾಡು. ಅಲ್ಲೀತನಕ ನಾ ಏಳಲ್ಲ.”

ಮೂಟೆಯ ಮೇಲೆ ಕೂತುಬಿಟ್ಟೆ. ರೈತರು ಬಂದರು, ಹೋದರು. ತಂಗಿಗೆ ಏನಾಗಿದೆ ಎಂದು ಕೆಲವರು ಕೇಳಿದರು. ಕೊನೆಗೆ ಅಣ್ಣ ಫೋನ್ ತೆಗೆದು, ಬೆನ್ನು ತಿರುಗಿಸಿ, ಮೆಲ್ಲಗೆ ಅಂದ: “ಆ ಲ್ಯಾಪ್‌ಟಾಪ್ ವಿಷ್ಯ... ಅವನದೇನೂ ತಪ್ಪಿಲ್ವಂತೆ.”

“‘ಅಂತೆ’ ತೆಗೆದು ಹೇಳಣ್ಣ,” ಅಂದೆ. “ಕದ್ದ ಅನ್ನೋವಾಗ ‘ಕದ್ದನಂತೆ’ ಅಂದಿದ್ಯಾ?”

ತಿರುಗಿ ನನ್ನನ್ನೇ ನೋಡಿದ. ಫೋನಿನ ಆ ಕಡೆಯವರು ಹಲೋ, ಹಲೋ ಅನ್ನುತ್ತಿದ್ದುದು ನನಗೂ ಕೇಳಿಸುತ್ತಿತ್ತು.

“ಅವನದೇನೂ ತಪ್ಪಿಲ್ಲ,” ಅಂದ. ಆಮೇಲೆ ಎರಡನೆಯ ನಂಬರು ಒತ್ತಿದ.